ನಟ್ಟಿಗೆ ಇಟ್ಟ ಸಿಂಧೂರ

ಬೆಳಗಿನ ಪಾಳಿಯವರು ಹಾಜರಿ ಹಾಕುವ ಮೊದಲೇ ಸುದ್ದಿ ಹಬ್ಬಿತ್ತು. ಕಲ್ಲಿದ್ದಲು ತೋಡುವ ದೊಡ್ಡ ಶಾವಲ್‌ನ ಎಣ್ಣೆ ಪೈಪು ಒಡೆದಿದೆ, ಮಷೀನು ಮೈತುಂಬ ಎಣ್ಣೆ ಕಾರಿಕೊಂಡು ನಿಂತಿದೆ. ಫಿಟರುಗಳು ಒಡೆದ ಪೈಪು ಬಿಚ್ಚಿ ಹೊಸದು ಕೂಡಿಸಿದ್ದರು. ಇನ್ನು ಮೈ ತೊಳೆಯದೆ ಇಂಜಿನ್ ಚಾಲೂ ಮಾಡುವಂತಿಲ್ಲ. ಕಾದ ಸೈಲೆನ್ಸರಿಗೆ ಹೈಡ್ರಾಲಿಕ್ ಎಣ್ಣೆ ತಾಗಿದರೆ ಹೊತ್ತಿಕೊಳ್ಳಲು ಬೇರೆ ಕಡ್ಡಿ ಗೀರಬೇಕಾಗಿಲ್ಲ. ಅದಕ್ಕೇ ತೊಳೆಯುವ ಹೆಂಗಸರನ್ನು ವ್ಯಾನಿನಲ್ಲಿ ತುಂಬಿ, ಸುತ್ತು ರಸ್ತೆಯಲ್ಲಿ ಕಲ್ಲಿದ್ದಲು ಗಣಿಯ ತಳದವರೆಗೆ ಇಳಿಸಿದರು.

ಎಲ್ಲರಿಗಿಂತ ಕೊನೆಗೆ ವ್ಯಾನಿನಿಂದ ಇಳಿದವಳು ಸಮ್ಮಕ್ಕ.

"ಏನೇ, ನೆಲ ನೋಡ್ಕೊಂಡು ನಿಂತುಬಿಟ್ಟೆ? ತಲೆ ಎತ್ತಿ ನೋಡು, ನಿನ್ನ ಸವತಿ ಹೆಂಗೆ ನಿಂತವ್ಳೆ," ಎಂದಳು ಕೊಮುರಮ್ಮ. ತೊಳೆಯುವ ಗುಂಪಿಗೆಲ್ಲ ಅವಳೇ ಹಿರಿಯಳು, ಬಾಯಿಗೂ ಅವಳೇ ಹಿರಿಯಳು. "ರಾಜಮಲ್ಲು ನಿನಗಿಂತ ಮುಂಚೆ ಕೈ ಹಿಡಿದದ್ದು ಇವಳನ್ನ. ನಿನಗೆ ತಾಳಿ ಕಟ್ಟೋ ಹೊತ್ತಿಗೆ ಇವರದ್ದು ಸಂಸಾರ ಹಳೇದಾಗಿತ್ತು. ಬಾ, ಅಕ್ಕನಿಗೆ ಸ್ನಾನ ಮಾಡಿಸು."

ಹೆಂಗಸರು ನಕ್ಕರು. ಸಮ್ಮಕ್ಕನೂ ನಕ್ಕಳು. ಆದರೆ ತಲೆ ಎತ್ತಿ ನೋಡಿದಾಗ ನಗು ಅರ್ಧಕ್ಕೇ ನಿಂತಿತು. ಮನೆಯಷ್ಟು ಎತ್ತರದ ಯಂತ್ರ. ಹಳದಿ ಬಣ್ಣದ ಮೇಲೆ ಎಣ್ಣೆ ಹರಿದು, ಆ ಎಣ್ಣೆಗೆ ಕಲ್ಲಿದ್ದಲ ಪುಡಿ ಮೆತ್ತಿ, ಮೈಯೆಲ್ಲ ಕಪ್ಪು ಕೆಸರಿನಲ್ಲಿ ಹೊರಳಿದ ಎಮ್ಮೆಯ ಹಾಗೆ ಕಾಣುತ್ತಿತ್ತು. ಇದರ ಕ್ಯಾಬಿನ್ನಿನಲ್ಲಿ ಅವಳ ಗಂಡ ತನ್ನ ಹರೆಯವನ್ನೆಲ್ಲ ಕಳೆದಿದ್ದ.

ಆ ಸೀಟಿನ ಕುಲುಕಾಟವೇ ಅವನ ಸೊಂಟದ ಮೂಳೆಯನ್ನು ತಿಂದು ಹಾಕಿದ್ದು. ಕಂಪನಿಯ ಡಾಕ್ಟರುಗಳು ಫೋಟೋ ತೆಗೆದು, ಬೆಳಕಿಗೆ ಹಿಡಿದು ನೋಡಿ, ಅನ್‌ಫಿಟ್ ಎಂದು ಬರೆದುಕೊಟ್ಟರು. ಅವನ ಬದಲಿಗೆ ಸಮ್ಮಕ್ಕನಿಗೆ ಕೆಲಸ ಬಂತು. ರಾಜಮಲ್ಲು ಮನೆ ಹಿಡಿದ. ಸೊಂಟಕ್ಕೆ ಬೆಲ್ಟು ಬಿಗಿದುಕೊಂಡು ಅಡುಗೆ ಮಾಡಿದ, ಮಗಳು ಅಕ್ಷಿತಳಿಗೆ ಎರಡು ಜಡೆ ಹೆಣೆದು ಶಾಲೆಗೆ ಕಳಿಸಿದ, ಸಂಜೆ ಅವಳ ಮಗ್ಗಿ ಕೇಳಿದ. ಯಾವುದರಲ್ಲೂ ಕೊರತೆ ಮಾಡಲಿಲ್ಲ. ಆದರೆ ಅನ್‌ಫಿಟ್ ಆದ ದಿನ ಚಪ್ಪಲಿ ಬಿಡುತ್ತ ಒಂದು ಮಾತು ಹೇಳಿದ್ದ: "ಆ ಮಷೀನಿನ ಸುದ್ದಿ ಇನ್ನು ಈ ಮನೇಲಿ ಬೇಡ."

ಆ ಸುದ್ದಿ ನಿಂತಿತು. ಅದರ ಹಿಂದೆಯೇ ಬೇರೆ ಸುದ್ದಿಗಳೂ ಒಂದೊಂದಾಗಿ ನಿಂತವು. ಮೊದಲೆಲ್ಲ ಗಾಡಿಯ ಮೇಲೆ ಕೂರಿಸಿಕೊಂಡು ಕೊಂಡಗಟ್ಟಿನ ಆಂಜನೇಯನಿಗೆ ಹೋಗುವಾಗ ಬೆಟ್ಟ ಹತ್ತುವವರೆಗೂ ಬಾಯಿ ಮುಚ್ಚದೆ ಹರಟುತ್ತಿದ್ದ ಮನುಷ್ಯ, ಈಗ ಅನ್ನ ಆಯ್ತು, ಹುಡುಗಿಗೆ ಕೆಮ್ಮು, ನೀರು ಬಂದಿಲ್ಲ, ಇಷ್ಟಕ್ಕೆ ಬಂದು ನಿಂತಿದ್ದ. ಮಾತು ಇಷ್ಟಾದರೂ ಉಳಿದಿದೆಯಲ್ಲ, ಇದೂ ಆರಿಹೋದರೆ ಏನು ಗತಿ ಎಂಬ ಭಯ ಸಮ್ಮಕ್ಕನಿಗೆ. ಅದಕ್ಕೆಂದೇ ಅವಳು ಪಾಳಿ ಮುಗಿಸಿ ಮೊದಲು ಕೊಮುರಮ್ಮನ ಮನೆಗೆ ಹೋಗುತ್ತಿದ್ದಳು. ಅಲ್ಲಿ ಕೈಗೆ ಕಡಲೆಹಿಟ್ಟು, ಸೋಪು, ಮರಳು ಎಲ್ಲ ಹಾಕಿ ತಿಕ್ಕಿ, ಸ್ನಾನ ಮಾಡಿ, ಬೇರೆ ಸೀರೆ ಉಟ್ಟು ಮನೆಗೆ ಬರುತ್ತಿದ್ದಳು. ಎಣ್ಣೆಯ ವಾಸನೆ ಕೂಡ ಅವನ ಮೂಗಿಗೆ ಬೀಳಬಾರದು.

ಇವತ್ತು ಬೇರೆ ಯಾವ ಮಷೀನಾದರೂ ಆಗಬಾರದಿತ್ತೆ ಅಂದುಕೊಂಡಳು. ಆದರೂ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೇಲೆ ಶರಟು ಹಾಕಿ, ಹೆಲ್ಮೆಟ್ ಇಟ್ಟು ಏಣಿ ಹತ್ತಿದಳು.

ಮೊದಲು ಮರದ ಹೊಟ್ಟು ಚೆಲ್ಲಿದರು, ಕಾಲು ಜಾರದಿರಲಿ ಎಂದು. ಹೊಟ್ಟು ಎಣ್ಣೆ ಕುಡಿದು ಉಬ್ಬಿದ ಮೇಲೆ ಅದನ್ನು ಬಳಿದು ಡ್ರಮ್ಮಿಗೆ ತುಂಬಿದರು. ಮೂಲೆ ಮೂಲೆಯ ಗಟ್ಟಿ ಜಿಡ್ಡನ್ನು ಚಪ್ಪಟೆ ಕಬ್ಬಿಣದಿಂದ ಕೆರೆದರು. ಆಮೇಲೆ ನೂಲಿನ ವೇಸ್ಟನ್ನು ಡೀಸೆಲ್‌ನಲ್ಲಿ ಅದ್ದಿ ಒರೆಸುವುದು, ಕೊನೆಗೆ ಸೋಪು ನೀರು. ಬಿಸಿಲು ಏರಿದಂತೆ ಕಬ್ಬಿಣ ಕಾದಿತು. ಗಣಿಯ ತಳದಲ್ಲಿ ಗಾಳಿ ಆಡುವುದಿಲ್ಲ. ಬೆವರನ್ನು ಮೊಣಕೈಯಿಂದಲೇ ಒರೆಸಿಕೊಳ್ಳಬೇಕು, ಅಂಗೈ ಮುಖಕ್ಕೆ ಹೋದರೆ ಕಣ್ಣು ಉರಿದು ಹೋಗುತ್ತದೆ.

ಸಮ್ಮಕ್ಕನಿಗೆ ಸಿಕ್ಕಿದ್ದು ಪಕ್ಕದ ಬಾಗಿಲಿನ ಒಳಗೆ ಪೈಪುಗಳು ಒಟ್ಟಾಗಿ ಸೇರುವ ಜಾಗ. ಅಲ್ಲಿ ಬಾಳೆಗೊನೆಯ ಹಾಗೆ ಪೈಪುಗಳು, ಒಂದೊಂದಕ್ಕೂ ಮುಷ್ಟಿಯಷ್ಟು ನಟ್ಟು. ಜಿಡ್ಡು ಒರೆಸುತ್ತ ಹೋದಂತೆ ಕೆಲವು ನಟ್ಟುಗಳ ಮೇಲೆ ಕೇಸರಿ ಬಣ್ಣದ ಏನೋ ಕಂಡಿತು. ಉಗುರಿನಿಂದ ಕೆರೆದು ಮೂಸಿದಳು. ಎಳ್ಳೆಣ್ಣೆಯಲ್ಲಿ ಕಲಸಿದ ಆಂಜನೇಯನ ಸಿಂಧೂರ.

ಕೊಂಡಗಟ್ಟಿನಿಂದ ತಂದ ಸಿಂಧೂರವನ್ನು ಪುಟ್ಟ ಡಬ್ಬಿಯಲ್ಲಿ ಹಾಕಿಕೊಂಡು ರಾಜಮಲ್ಲು ಪಾಳಿಗೆ ಹೋಗುತ್ತಿದ್ದದ್ದು ಅವಳಿಗೆ ಗೊತ್ತಿತ್ತು. ಇಲ್ಲಿಗೆ ಇಡುತ್ತಿದ್ದನೇ! ಆದರೆ ಅದೀಗ ಎಣ್ಣೆ ಕುಡಿದು, ಕಪ್ಪಾಗಿ, ಅಡ್ಡಾದಿಡ್ಡಿ ಹರಡಿ, ದೇವರ ಬೊಟ್ಟು ಎನ್ನಲು ಬಾರದ ಹಾಗಿತ್ತು. ಅವನು ಭಕ್ತಿಯಿಂದ ಇಟ್ಟದ್ದು ಹೀಗೆ ಕೊಳೆತು ಕೂತಿರುವುದೆ? ಹೆಂಡತಿಯಾಗಿ ನೋಡಿಕೊಂಡು ಸುಮ್ಮನಿರುವುದೆ?

ಡೀಸೆಲ್ ಹಚ್ಚಿ ಎಲ್ಲವನ್ನೂ ಒರೆಸಿದಳು. ಒಂದನ್ನೂ ಬಿಡಲಿಲ್ಲ. ಕೈ ಹೋಗದ ಕಡೆ ಕಡ್ಡಿಗೆ ಚಿಂದಿ ಸುತ್ತಿ ತೂರಿಸಿ ಒರೆಸಿದಳು. ತೊಳೆದ ಮೇಲೆ ಅರಿಶಿನ ಕುಂಕುಮ ಇಡದೆ ಈ ಹೆಂಗಸರು ಯಾವ ಮಷೀನಿನಿಂದಲೂ ಇಳಿಯುವುದಿಲ್ಲ. ಕೊಮುರಮ್ಮನ ಊಟದ ಚೀಲದಲ್ಲಿ ಅದಕ್ಕೆಂದೇ ಪೊಟ್ಟಣ ಇರುತ್ತದೆ. ಬೇರೆಯವರು ಬಾಗಿಲಿಗೆ ಒಂದು ಬೊಟ್ಟಿಟ್ಟು ಇಳಿದರೆ, ಸಮ್ಮಕ್ಕ ಸಿಂಧೂರವಿದ್ದ ಒಂದೊಂದು ನಟ್ಟಿಗೂ ಅರಿಶಿನ ಸವರಿ, ನಡುವೆ ದುಂಡಗೆ ಕುಂಕುಮದ ಬೊಟ್ಟಿಟ್ಟಳು. ಸಾಲಾಗಿ ಕೂತ ಮುತ್ತೈದೆಯರ ಹಾಗೆ ನಟ್ಟುಗಳು ಹೊಳೆದವು. ಸ್ವಲ್ಪ ಹಿಂದೆ ಸರಿದು ನೋಡಿದಳು. ಬಹಳ ದಿನದ ಮೇಲೆ ಅವಳ ಮನಸ್ಸು ಹಗುರಾಯಿತು.

ಆಗ ಫಿಟರ್ ಗಟ್ಟಯ್ಯ ನಟ್ಟು ತಿರುಗಿಸುವ ಪಾನಾ ಹಿಡಿದು ಏಣಿ ಹತ್ತಿ ಬಂದ. ರಾಜಮಲ್ಲು ಜೊತೆ ಇದೇ ಮಷೀನಿನ ಮೇಲೆ ವರ್ಷಗಟ್ಟಲೆ ದುಡಿದವನು, ಅವಳನ್ನು ಅತ್ತಿಗೆ ಎಂದೇ ಕರೆಯುವವನು.

"ಅಬ್ಬಾ ಅತ್ತಿಗೆ, ಮದುವೆ ಮನೆ ಮಾಡಿಬಿಟ್ಟಿದ್ದೀಯ," ಎನ್ನುತ್ತ ಬಾಗಿಲೊಳಗೆ ಬಗ್ಗಿದ. ಬಗ್ಗಿದವನು ಹಾಗೇ ನಿಂತ. "ಗೀಟು ಎಲ್ಲಿ?"

"ಯಾವ ಗೀಟು?"

"ಸಿಂಧೂರದ ಗೀಟು ಅತ್ತಿಗೆ! ಪ್ರತಿ ನಟ್ಟಿನ ಮೇಲೆ ಇತ್ತಲ್ಲ, ಅಣ್ಣ ಎಳೆದದ್ದು."

"ಹಳೇದಾಗಿತ್ತು. ಒರೆಸಿ ಹೊಸದಾಗಿ ಬೊಟ್ಟು ಇಟ್ಟೆ."

ಗಟ್ಟಯ್ಯ ಹಣೆಗೆ ಕೈ ಹೊಡೆದುಕೊಳ್ಳಲು ಹೋಗಿ, ಕೈಯಲ್ಲಿ ಪಾನಾ ಇದೆಯೆಂದು ನೆನಪಾಗಿ ನಿಂತ. ಆಮೇಲೆ ಮೆಲ್ಲಗೆ ಹೇಳಿದ. ಅದು ಪೂಜೆಯ ಬೊಟ್ಟಲ್ಲ. ನಟ್ಟಿನ ಮೇಲಿಂದ ಪೈಪಿನ ಮೇಲಕ್ಕೆ ಹಾಯಿಸಿ ರಾಜಮಲ್ಲು ಒಂದೇ ಗೀಟು ಎಳೆದಿರುತ್ತಿದ್ದ. ಕುಲುಕಾಟಕ್ಕೆ ನಟ್ಟು ತಿರುಗಿದರೆ ಗೀಟು ಎರಡಾಗಿ ತುಂಡಾಗಿ ಕಾಣುತ್ತದೆ, ದೂರದಿಂದಲೇ ತಿಳಿಯುತ್ತದೆ. ಎಲ್ಲ ನಟ್ಟಿಗೂ ಇರಲಿಲ್ಲ, ತಂಟೆ ಮಾಡುವ ಹಳೆಯವಕ್ಕೆ ಮಾತ್ರ. ಅವುಗಳ ಒಳಗಿನ ಕೂರುವ ಜಾಗ ಸವೆದಿದೆ. ಪೂರ್ತಿ ಬಿಗಿದರೆ ಎಣ್ಣೆ ಒಸರುತ್ತವೆ, ಸಡಿಲ ಬಿಟ್ಟರೂ ಒಸರುತ್ತವೆ. ಒಂದೇ ಒಂದು ಕಡೆ ನಿಲ್ಲಿಸಿದರೆ ಸುಮ್ಮನಿರುತ್ತವೆ. ಆ ಜಾಗವೇ ಗೀಟು.

"ಒಡೆದ ಪೈಪು ತೆಗೆಯೋಕೆ ಇವನ್ನೆಲ್ಲ ನಾನೇ ಸಡಿಲ ಮಾಡಿದ್ದೆ ಅತ್ತಿಗೆ. ನೀವು ತೊಳೆದ ಮೇಲೆ ಗೀಟಿಗೆ ಗೀಟು ಸೇರಿಸಿ ಬಿಗಿಯೋಣ ಅಂತ ಬಿಟ್ಟಿದ್ದೆ."

"ನಿನಗೆ ಗೊತ್ತಿಲ್ವಾ, ಎಲ್ಲಿ ನಿಲ್ಲಿಸ್ಬೇಕು ಅಂತ?"

"ಗೀಟು ಇದ್ದಾಗ ನೆನಪಿಟ್ಕೊಳ್ಳೋ ಕೆಲಸ ಯಾರಿಗೆ ಬೇಕಿತ್ತು?"

ಕೆಳಗೆ ಕಲ್ಲಿದ್ದಲು ತುಂಬಿಸಿಕೊಳ್ಳಲು ಡಂಪರುಗಳು ಸಾಲುಗಟ್ಟಿ ನಿಂತಿದ್ದವು. ಫೋರ್‌ಮನ್ ಸಾರ್ ಬಂದು ಕೇಳಿ, ಯಾರನ್ನೂ ಬೈಯಲಿಲ್ಲ. "ಅಂದಾಜಿನ ಮೇಲೆ ಬಿಗಿದು ಓಡಿಸೋದು ಬೇಡ. ಇಂಜಿನ್ ಪಕ್ಕದ ಜಾಗ ಅದು. ರಾಜಮಲ್ಲುಗೆ ಫೋನ್ ಮಾಡು," ಎಂದರು.

ಗಟ್ಟಯ್ಯ ಫೋನ್ ಮಾಡಿದ. ಮೂರು ಮಾತು ಆಡುವ ಮೊದಲೇ ಆ ಕಡೆಯಿಂದ ಕಟ್ಟಾಯಿತು. "ಎಲ್ಲಾ ಟೈಟ್ ಮಾಡು, ನನ್ನ ಕೇಳ್ಬೇಡ ಅಂತಾನೆ," ಎಂದು ಗಟ್ಟಯ್ಯ ಸಮ್ಮಕ್ಕನ ಮುಖ ನೋಡಿದ. ಫೋರ್‌ಮನ್ನೂ ನೋಡಿದರು. ಕೊಮುರಮ್ಮನೂ ನೋಡಿದಳು.

"ನೋಡ್ಬೇಡಿ ನನ್ನ," ಎಂದಳು ಸಮ್ಮಕ್ಕ. "ಆ ಮನುಷ್ಯನ ಹತ್ರ ಏನಂತ ಹೇಳ್ಲಿ? ನೀನು ಆ ಮಷೀನಿನ ಮೇಲೆ ಬಿಟ್ಟು ಬಂದದ್ದು ಅದೊಂದೇ ಗುರುತು, ಅದನ್ನೂ ಒರೆಸಿ ಹಾಕಿ ಬಂದೆ ಅಂತ ಹೇಳ್ಲಾ?"

ಕೊಮುರಮ್ಮ ಅವಳ ತೋಳಿಗೆ ಅಂಟಿದ್ದ ಹೊಟ್ಟನ್ನು ಕೊಡವಿದಳು. "ಹಂಗೇ ಹೇಳು ಮಗಳೇ. ಬೇರೆ ಯಾರೋ ಹೇಳೋದಕ್ಕಿಂತ ನೀನು ಹೇಳೋದೇ ಲೇಸು. ನಡಿ, ಫೋರ್‌ಮನ್ ಸಾರ್ ಜೀಪು ಕೊಟ್ಟವ್ರೆ."

ಈ ಸಲ ಸ್ನಾನಕ್ಕೆ, ಬೇರೆ ಸೀರೆಗೆ ಹೊತ್ತಿರಲಿಲ್ಲ. ಕಪ್ಪು ಕೈ, ಡೀಸೆಲ್ ನಾತದ ಶರಟಿನಲ್ಲೇ ಸಮ್ಮಕ್ಕ ಕ್ವಾರ್ಟರ್ಸಿನ ಬಾಗಿಲಲ್ಲಿ ನಿಂತಳು.

ರಾಜಮಲ್ಲು ಎತ್ತರದ ಸ್ಟೂಲಿನ ಮೇಲೆ ಕೂತು ಸರ್ವಪಿಂಡಿ ರೊಟ್ಟಿ ತಟ್ಟುತ್ತಿದ್ದ. ಬಾಣಲೆಯ ಒಳಮೈಗೆ ಅಕ್ಕಿಹಿಟ್ಟಿನ ಮುದ್ದೆಯನ್ನು ತೆಳ್ಳಗೆ ಹಚ್ಚಿ, ಬೆರಳಿನಿಂದ ಎಣ್ಣೆಗೆಂದು ತೂತು ಮಾಡುತ್ತಿದ್ದ. ತಲೆ ಎತ್ತಿದವನು ಅವಳನ್ನು ಮೇಲಿಂದ ಕೆಳಗೆ ನೋಡಿದ.

"ಪೆಟ್ಟಾಯ್ತಾ?"

"ಇಲ್ಲ."

"ಮತ್ತೆ ಈ ಹೊತ್ತಲ್ಲಿ?"

ಸಮ್ಮಕ್ಕ ಬಾಗಿಲ ಹೊರಗೇ ನಿಂತು ಹೇಳಿದಳು. ದೊಡ್ಡ ಶಾವಲ್, ಪೈಪು, ತೊಳೆದದ್ದು, ಸಿಂಧೂರ. "ದೇವರಿಗೆ ಇಟ್ಟದ್ದು ಅಂದ್ಕೊಂಡೆ. ನೀನು ಇಟ್ಟದ್ದು ಕೊಳಕಾಗಿ ಇರಬಾರದು ಅಂತ ಒರೆಸಿದೆ. ಒಂದೂ ಉಳಿದಿಲ್ಲ ಅಕ್ಷಿತನ ಅಪ್ಪಾ, ಎಲ್ಲಾ ಒರೆಸಿಬಿಟ್ಟೆ," ಎನ್ನುವಾಗ ದನಿ ಒಡೆಯಿತು. ಕಣ್ಣೊರೆಸಿಕೊಳ್ಳಲು ಎತ್ತಿದ ಕೈಯನ್ನು ಅವನು, "ಏಯ್, ಕೈ ಇಳಿಸು, ಕಣ್ಣು ಉರಿಯುತ್ತೆ," ಎಂದು ತಡೆದ.

ಆಮೇಲೆ ಹಿಟ್ಟಿನ ಕೈ ಒರೆಸಿಕೊಂಡ. ಬಾಣಲೆಯ ಕಡೆಗೆ ನೋಡುತ್ತಲೇ ಇದ್ದ. ಸಮ್ಮಕ್ಕನಿಗೆ ಅನ್ನಿಸಿತು: ಇಲ್ಲಿಗೆ ಮುಗಿಯಿತು, ಇನ್ನು ಅನ್ನ ಆಯ್ತು ಎನ್ನುವ ಮಾತೂ ಇಲ್ಲ.

"ಬೊಟ್ಟು ಇಟ್ಟೆ ಅಂದ್ಯಾ?"

"ಹ್ಞೂಂ."

"ನಟ್ಟಿಗೆ?"

"ಅರಿಶಿನ ಹಚ್ಚಿ."

ಅವನ ಮೀಸೆ ಒಂದು ಕಡೆ ಅಲುಗಿತು. ನಗುವೋ ನೋವೋ ಅವಳಿಗೆ ತಿಳಿಯಲಿಲ್ಲ. "ಬಾ ಒಳಗೆ. ಇಲ್ಲಿ ನೋಡು," ಎಂದು ಬಾಣಲೆಯ ಹಿಟ್ಟಿನಲ್ಲೇ ಬೆರಳು ಊರಿದ. "ಇದು ಮೇಲಿನ ತೋಳಿಗೆ ಹೋಗೋ ಪೈಪು. ಇದು ಅದರ ತಂಗಿ. ಇದರ ನಟ್ಟು ಇಲ್ಲಿಗೆ ಬರಬೇಕು. ಇದು, ಇದು..." ತೂತಿನ ಮೇಲೆ ತೂತು ಬಿದ್ದು ಹಿಟ್ಟು ಜರಡಿಯಾಯಿತು. ಅವನ ಬೆರಳು ನಿಂತಿತು. ಅಂಗೈಯಿಂದ ಹಿಟ್ಟನ್ನು ಚಪ್ಪಟೆ ಮಾಡಿಬಿಟ್ಟ. "ಇದರಲ್ಲಿ ಆಗಲ್ಲ."

"ಹಂಗಾದ್ರೆ ಬಾ."

"ಎಲ್ಲಿಗೆ?"

"ಕೆಳಕ್ಕೆ. ಫೋರ್‌ಮನ್ ಸಾರ್ ಹ್ಞೂಂ ಅಂದಿದ್ದಾರೆ. ಮೇಲೆ ಹತ್ತೋದು ಬೇಡ. ನೆಲದ ಮೇಲೆ ಕೂತು ಹೇಳು, ನಾನು ಹತ್ತುತೀನಿ."

"ಅಲ್ಲಿ ಹೋಗಿ ಕುರ್ಚಿ ಹಾಕಿಸ್ಕೊಂಡು ಕೂತ್ಕೊಳ್ಳಾ ನಾನು? ಡಂಪರಿನವರೆಲ್ಲ ನೋಡ್ತಾ ಇರ್ಬೇಕಾ?"

ಅದೇ. ಅದಕ್ಕೇ ಅವನು ಇಷ್ಟು ದಿನ ಬಾಯಿ ಹೊಲಿದುಕೊಂಡದ್ದು. ಸಮ್ಮಕ್ಕನಿಗೆ ಅದು ಈಗ ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು. "ನಾನೂ ನೋಡ್ತೀನಿ. ನೀನು ಆ ಮಷೀನಿನ ಹತ್ರ ನಿಂತದ್ದನ್ನ ನಾನು ಒಂದು ಸಲನೂ ನೋಡಿಲ್ಲ," ಎಂದಳು.

ಅವನು ಅವಳ ಶರಟಿನ ತೋಳನ್ನು ಹಿಡಿದು ಮೂಸಿದ. "ದಿನಾ ಸೋಪಿನ ವಾಸನೆ ಬರಿಸ್ಕೊಂಡು ಬರ್ತಿದ್ದೆಯಲ್ಲ, ನನಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ಅದನ್ನ ಮೂಸಿದಾಗಲೆಲ್ಲ ಅನ್ನಿಸೋದು, ಇವಳು ಕೂಡ ನನ್ನನ್ನ ಕಾಯಿಲೆಯವನ ಹಾಗೆ ನೋಡ್ತಾ ಇದ್ದಾಳೆ ಅಂತ."

"ನೀನೇ ಅಲ್ವಾ ಬೇಡ ಅಂದದ್ದು?"

"ನಾನು ಅಂದೆ. ನೀನು ಕೇಳಿಬಿಟ್ಟೆ." ಅವನು ಗೋಡೆ ಹಿಡಿದು ಎದ್ದ. ಬೆಲ್ಟಿನ ಪಟ್ಟಿಯನ್ನು ಎಳೆದು ಬಿಗಿದುಕೊಂಡ. ದೇವರ ಗೂಡಿನಿಂದ ಡಬ್ಬಿ ತೆಗೆದು, ಒಣಗಿದ ಸಿಂಧೂರಕ್ಕೆ ಎರಡು ಹನಿ ಎಳ್ಳೆಣ್ಣೆ ಬಿಟ್ಟು ಬೆರಳಿನಿಂದ ತಿರುವಿದ. "ಒಲೆ ಆರಿಸು. ನಡಿ."

ಜೀಪು ಗಣಿಯ ತಳ ಮುಟ್ಟಿದಾಗ ಡಂಪರಿನವರು ಒಬ್ಬೊಬ್ಬರಾಗಿ ಇಳಿದು ಬಂದರು. ಅಣ್ಣಾ, ಹೆಂಗಿದ್ದೀಯ, ತೆಳ್ಳಗಾಗಿದ್ದೀಯ, ಬೆಳ್ಳಗಾಗಿದ್ದೀಯ. "ಹೆಂಡತಿ ದುಡಿದು ಹಾಕಿದ್ರೆ ಯಾರು ಬೇಕಾದ್ರೂ ಬೆಳ್ಳಗಾಗ್ತಾರೆ," ಎಂದಳು ಕೊಮುರಮ್ಮ. ರಾಜಮಲ್ಲು ನಾಚಿಕೊಂಡು ಹೆಲ್ಮೆಟ್ಟನ್ನು ಕಣ್ಣಿನವರೆಗೆ ಎಳೆದುಕೊಂಡ. ಬೇಗ ಬೇಗ ಎರಡು ಹೆಜ್ಜೆ ಇಟ್ಟು ಮಷೀನಿನ ಚಕ್ರದ ಉಕ್ಕಿನ ಪಟ್ಟಿಯ ಮೇಲೆ ಅಂಗೈ ಊರಿ ನಿಂತ. ಆಮೇಲೆ ಅವನು ಆ ಅಂಗೈಯನ್ನು ತಿರುಗಿಸಿ ನೋಡಿದ.

"ಯಾರು ತೊಳೆದದ್ದು? ಕೈಗೆ ಏನೂ ಹತ್ತಲಿಲ್ಲ."

"ಇನ್ಯಾರು? ನಿನ್ನ ಎರಡನೇ ಹೆಂಡತಿ," ಎಂದಳು ಕೊಮುರಮ್ಮ.

ಫೋರ್‌ಮನ್ ಸಾರ್ ಕುರ್ಚಿ ತರಿಸಿದರು. "ಮೇಲೆ ಹತ್ತೋ ಹಾಗಿಲ್ಲ ರಾಜಮಲ್ಲು, ನನ್ನ ನೌಕರಿ ಹೋಗುತ್ತೆ."

"ಹತ್ತು ಅಂದ್ರೂ ಹತ್ತೋ ಸೊಂಟ ಎಲ್ಲಿದೆ ಸಾರ್," ಎಂದು ಕುರ್ಚಿಯಲ್ಲಿ ಕೂತ. ಕೂತ ಮೇಲೆ ಯಾರೂ ಅವನ ಕಡೆ ಅಯ್ಯೋ ಪಾಪ ಎಂಬಂತೆ ನೋಡಲಿಲ್ಲ. ಅವರಿಗೆಲ್ಲ ಮಷೀನು ಬೇಗ ಓಡಬೇಕಿತ್ತು ಅಷ್ಟೆ. ಅದೇ ಅವನಿಗೆ ಸಲೀಸಾಯಿತು.

ಸಮ್ಮಕ್ಕ ಬಾಗಿಲೊಳಗೆ ತೋಳು ತೂರಿಸಿ ಕೂತಳು, ಪಕ್ಕದಲ್ಲಿ ಗಟ್ಟಯ್ಯ ಪಾನಾ ಹಿಡಿದು. ಕೆಳಗಿನಿಂದ ರಾಜಮಲ್ಲು ಕೂಗಿ ಹೇಳುತ್ತ ಹೋದ.

"ಬಾಗಿಲ ಹತ್ರದ್ದು ಮೊದಲು. ಅದಕ್ಕೆ ಒಂದು ಮೂಲೆ ಮುಕ್ಕಾಗಿದೆ, ಬೆರಳಿಗೆ ಸಿಕ್ತಾ?"

"ಸಿಕ್ತು."

"ಆ ಮುಕ್ಕು ಏಣಿ ಕಡೆ ನೋಡ್ಬೇಕು. ಗಟ್ಟಯ್ಯಾ, ಮೆಲ್ಲಗೆ. ಸಮ್ಮಕ್ಕಾ, ಬಂತಾ?"

"ಇನ್ನೂ ಸ್ವಲ್ಪ... ಬಂತು, ಬಂತು! ನಿಲ್ಲಿಸು ಗಟ್ಟಯ್ಯ."

"ಗೀಟು ಎಳಿ. ನಟ್ಟಿನಿಂದ ಪೈಪಿಗೆ. ಬೊಟ್ಟು ಅಲ್ಲ ಮತ್ತೆ, ಗೀಟು."

ಮೇಲಿನವರೂ ಕೆಳಗಿನವರೂ ನಕ್ಕರು. ಸಮ್ಮಕ್ಕ ಡಬ್ಬಿಯಲ್ಲಿ ಬೆರಳದ್ದಿ ಗೀಟು ಎಳೆದಳು. ಒಂದಾದ ಮೇಲೆ ಒಂದು ಬಂತು. ಒಂದರ ಮೈಮೇಲೆ ಉಳಿಯ ಏಟಿತ್ತು, ಅದು ಆಕಾಶ ನೋಡಬೇಕು. ಇನ್ನೊಂದರ ಚಪ್ಪಟೆ ಮುಖ ಪಕ್ಕದ ಪೈಪಿಗೆ ಸಮ ಬರಬೇಕು. ಅವನು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದ; ಬಲಗೈ ಗಾಳಿಯಲ್ಲಿ ಅದರಷ್ಟಕ್ಕೆ ತಿರುಗುತ್ತಿತ್ತು. ಕೊಮುರಮ್ಮ ಅವನ ತಲೆಯ ಮೇಲೆ ಬಿಸಿಲು ಬೀಳದಂತೆ ರಟ್ಟು ಹಿಡಿದು ನಿಂತಿದ್ದಳು.

ಕೊನೆಯದು ಎಲ್ಲಕ್ಕಿಂತ ಹಿಂದೆ, ತಗಡಿಗೆ ಒತ್ತಿಕೊಂಡಿದ್ದ ನಟ್ಟು.

"ಅದು," ಎಂದ ರಾಜಮಲ್ಲು. ಬಲಗೈ ಎತ್ತಿದ. ಕೈ ತಿರುಗಲಿಲ್ಲ. "ಅದು..."

ಕಾದರು. ಅವನು ಕಣ್ಣು ತೆರೆದು, ಮತ್ತೆ ಮುಚ್ಚಿ, ಮತ್ತೆ ತೆರೆದ. "ಹಿಂದಿನದು. ನನ್ನ ಕೈಗೆ ಗೊತ್ತಿತ್ತು. ಯಾವ ಕಡೆಗೆ ಬರ್ತಿತ್ತು ಅದು?" ಎಂದು ತನ್ನನ್ನೇ ಕೇಳಿಕೊಂಡ. ಕೈ ಮಡಿಲಿಗೆ ಇಳಿಯಿತು. ಕುರ್ಚಿಯಲ್ಲಿ ಕೂತವನು ಇದ್ದಕ್ಕಿದ್ದಂತೆ ಚಿಕ್ಕವನಾದ ಹಾಗೆ ಮೇಲಿದ್ದ ಸಮ್ಮಕ್ಕನಿಗೆ ಕಂಡಿತು. "ಹೋಯ್ತು," ಎಂದ. "ಮರೆತು ಹೋಯ್ತು ಗಟ್ಟಯ್ಯ."

ಗಟ್ಟಯ್ಯ, "ಪರವಾಗಿಲ್ಲ ಅಣ್ಣಾ, ಅದೊಂದನ್ನ..." ಎಂದು ಏನೋ ಹೇಳಹೊರಟ.

"ಸುಮ್ನಿರು," ಎಂದಳು ಸಮ್ಮಕ್ಕ.

ಅವಳ ಬೆರಳು ಆ ನಟ್ಟಿನ ಮೇಲಿತ್ತು. ಬೆಳಗ್ಗೆ ಇದನ್ನು ಒರೆಸಿದ್ದು ನೆನಪಾಗುತ್ತಿತ್ತು. ತಲೆಗೆ ಬಂದ ನೆನಪಲ್ಲ ಅದು, ಮಣಿಕಟ್ಟಿಗೆ ಬಂದದ್ದು. "ಅಕ್ಷಿತನ ಅಪ್ಪಾ, ಇದರ ಪೈಪಿನ ಮೇಲಿದ್ದ ಸಿಂಧೂರ ಒಳಗಡೆ ಇತ್ತು, ತಗಡಿನ ಕಡೆಗೆ. ಕೈ ಹೋಗಲಿಲ್ಲ, ಕಡ್ಡಿಗೆ ಚಿಂದಿ ಸುತ್ತಿ ಒರೆಸಿದ್ದೆ."

ಅವನು ತಲೆ ಎತ್ತಿದ. "ನಟ್ಟಿನ ಮೇಲಿದ್ದದ್ದು?"

"ತಾಳು." ಅವಳು ನಟ್ಟಿನ ಸುತ್ತ ಬೆರಳಾಡಿಸಿದಳು. ಒಂದು ಮುಖ ನುಣ್ಣಗೆ, ಇನ್ನೊಂದೂ ನುಣ್ಣಗೆ, ಮತ್ತೊಂದರ ಅಂಚಿನಲ್ಲಿ ಗರಗಸದಂಥ ಚೂರು ಎದ್ದಿತ್ತು. "ಇಲ್ಲಿ! ಒರೆಸುವಾಗ ಚಿಂದಿ ಇದಕ್ಕೆ ಸಿಕ್ಕಿ ಹರೀತು. ಚಿಂದಿಯ ಎಳೆ ಇನ್ನೂ ಅಂಟಿಕೊಂಡಿದೆ ನೋಡು. ಈ ಮುಖದ ಮೇಲೇ ಇತ್ತು ಸಿಂಧೂರ."

"ಹಂಗಾದ್ರೆ ಆ ಮುಖ ತಗಡಿಗೆ ತಿರುಗ್ಬೇಕು!" ರಾಜಮಲ್ಲು ಕುರ್ಚಿಯಿಂದ ಅರ್ಧ ಎದ್ದೇಬಿಟ್ಟ, ಕೊಮುರಮ್ಮ ಭುಜ ಒತ್ತಿ ಕೂರಿಸಿದಳು. "ಹೌದು, ತಗಡಿಗೆ. ನಾನು ಅಲ್ಲಿ ಕಡ್ಡಿಯಿಂದಲೇ ಗೀಟು ಎಳೀತಿದ್ದೆ. ತಿರುಗಿಸು ಗಟ್ಟಯ್ಯ!"

ಗಟ್ಟಯ್ಯ ತಿರುಗಿಸಿದ. ಸಮ್ಮಕ್ಕ ಕಡ್ಡಿಯ ತುದಿಯನ್ನು ಸಿಂಧೂರದಲ್ಲಿ ಅದ್ದಿ, ಕಾಣದ ಜಾಗದಲ್ಲಿ ಗೀಟು ಎಳೆದಳು.

ಇನ್ನು ನೋಡುವುದೊಂದೇ ಬಾಕಿ. ಕೊಮುರಮ್ಮ ಊಟದ ಚೀಲದಿಂದ ಮುಖದ ಪೌಡರ್ ಡಬ್ಬಿ ತೆಗೆದಳು. "ನಗಬೇಡ್ರೋ. ಈ ಬಿಸಿಲಲ್ಲಿ ಮುಖಕ್ಕೆ ಇಷ್ಟಾದ್ರೂ ಬೇಡ್ವಾ?" ಎನ್ನುತ್ತ ಮೇಲೆ ಕೊಟ್ಟಳು. ನಟ್ಟುಗಳ ಕೆಳಗೆಲ್ಲ ಬೆಳ್ಳಗೆ ಉದುರಿಸಿದರು. ಹನಿ ಎಣ್ಣೆ ಒಸರಿದರೂ ಪೌಡರ್ ಒದ್ದೆಯಾಗಿ ಕಪ್ಪಾಗುತ್ತದೆ. ಎಲ್ಲರೂ ಇಳಿದು ದೂರ ಸರಿದ ಮೇಲೆ ಆಪರೇಟರ್ ಇಂಜಿನ್ ಚಾಲೂ ಮಾಡಿದ. ನೆಲ ನಡುಗಿತು. ಶಾವಲ್ ತೋಳು ಎತ್ತಿತು, ಚಾಚಿತು, ಮಡಿಸಿತು. ಮತ್ತೆ ಎತ್ತಿತು. ಸಮ್ಮಕ್ಕ ಗಂಡನ ಕುರ್ಚಿಯ ಹಿಂದೆ ನಿಂತಿದ್ದಳು. ಅವನು ತೋಳನ್ನು ನೋಡುತ್ತಿರಲಿಲ್ಲ, ತಲೆ ಒಂದು ಕಡೆ ವಾಲಿಸಿ ಸದ್ದು ಕೇಳುತ್ತಿದ್ದ. ಅವಳ ಕೈ ಅವನ ಭುಜದ ಮೇಲಿತ್ತು. ಯಾವಾಗ ಇಟ್ಟಳೋ ಅವಳಿಗೂ ಗೊತ್ತಿಲ್ಲ.

ಇಂಜಿನ್ ನಿಲ್ಲಿಸಿ ಗಟ್ಟಯ್ಯ ಹತ್ತಿ ಇಣುಕಿದ. ಟಾರ್ಚು ಬಿಟ್ಟು ಒಂದೊಂದನ್ನೇ ನೋಡಿದ. ಹಿಂದಿನದನ್ನು ಹೆಚ್ಚು ಹೊತ್ತು ನೋಡಿದ. ಆಮೇಲೆ ಹೊರಗೆ ತಲೆ ಹಾಕಿ, "ಎಲ್ಲಾ ಪೌಡರ್ ಹಾಕ್ಕೊಂಡ ಹಾಗೇ ಇದ್ದಾವೆ ಅಣ್ಣಾ. ಒಂದರ ಮುಖನೂ ಬೆವರಿಲ್ಲ," ಎಂದ.

ಡಂಪರುಗಳು ಹಾರ್ನ್ ಹೊಡೆದವು. ಫೋರ್‌ಮನ್ ಸಾರ್ ಕಿವಿ ಮುಚ್ಚಿಕೊಂಡು ಬೈದರು, ಆದರೆ ನಗುತ್ತಲೇ ಬೈದರು. ಸಮ್ಮಕ್ಕನಿಗೆ ಉಳಿದ ಪಾಳಿ ಬೇಡ, ಮನೆಗೆ ಹೋಗು ಎಂದರು.

ಮರಳುವ ಜೀಪಿನಲ್ಲಿ ಇಬ್ಬರೂ ಹಿಂದಿನ ಸೀಟಿನಲ್ಲಿ ಕೂತರು. ಮೊದಲ ತಿರುವಿನಲ್ಲಿ ರಾಜಮಲ್ಲು ಹಿಂದೆ ತಿರುಗಿ ಮಷೀನನ್ನು ನೋಡಿದ. ಎರಡನೆಯ ತಿರುವಿನಲ್ಲಿ, "ಆ ಹಿಂದಿನ ನಟ್ಟು ಯಾಕೆ ಹಂಗಾಯ್ತು ಗೊತ್ತಾ?" ಎಂದ.

"ಯಾಕೆ?"

"ದೊಡ್ಡ ಕತೆ ಅದು. ಇವಳು ಬಂದದ್ದೇ ತುಂಡು ತುಂಡಾಗಿ. ತೋಳು ಒಂದು ಲಾರಿ ಮೇಲೆ, ಹೊಟ್ಟೆ ಒಂದು ಲಾರಿ ಮೇಲೆ. ಕೊನೇ ಲಾರಿ ಗೋದಾವರಿ ಸೇತುವೆ ಹತ್ರ ಕೆಟ್ಟು ನಿಂತುಬಿಡ್ತು. ನಾವೆಲ್ಲ ಅಲ್ಲಿಗೆ ಹೋಗಿ..."

ಸಮ್ಮಕ್ಕ ಹ್ಞೂಂ ಅಂದಳು. ಲಾರಿ ಡ್ರೈವರ್ ಜೊತೆ ಯಾರೋ ಜಗಳ ಆಡಿದರು, ಹ್ಞೂಂ ಅಂದಳು. ಮಳೆ ಬಂತು, ಎಲ್ಲರೂ ಲಾರಿಯ ಕೆಳಗೆ ಕೂತು ಜೋಳದ ತೆನೆ ಸುಟ್ಟು ತಿಂದರು. ಹ್ಞೂಂ ಎನ್ನುವುದು ಅರ್ಧಕ್ಕೇ ನಿಂತಿತು. ಅವನ ದನಿ ಕಿವಿಯ ಹತ್ತಿರವೇ ಹರಿಯುತ್ತಿತ್ತು, ನಿಲ್ಲುವ ಸೂಚನೆ ಇರಲಿಲ್ಲ. ಇನ್ನು ಅದನ್ನು ಕಾಯುತ್ತ ಎಚ್ಚರವಿರಬೇಕಾಗಿಲ್ಲ ಎಂದು ಅವಳ ಮೈಗೆ ತಾನಾಗಿಯೇ ತಿಳಿಯಿತು. ತಲೆ ಅವನ ತೋಳಿಗೆ ವಾಲಿತು.

ಕ್ವಾರ್ಟರ್ಸಿನ ಮುಂದೆ ಜೀಪು ನಿಂತಿತು. ಡ್ರೈವರ್ ಹಿಂದೆ ತಿರುಗಿ ನೋಡಿ ದನಿ ತಗ್ಗಿಸಿದ. "ಅಣ್ಣಾ, ಅಕ್ಕ ಆಗಲೇ ನಿದ್ದೆ ಹೋಗಿದ್ದಾಳೆ. ನೀನು ಯಾರಿಗೆ ಹೇಳ್ತಾ ಇದ್ದೀಯ?"

"ನೀನು ಕೇಳ್ತಾ ಇದ್ದೀಯಲ್ಲ."

"ಎಬ್ಬಿಸ್ಲಾ?"

"ಬೇಡಪ್ಪಾ. ಬೆಳಗಿಂದ ಸೋತಿದ್ದಾಳೆ." ರಾಜಮಲ್ಲು ಅಲುಗದೆ ಕೂತಿದ್ದ. ಸೊಂಟ ನೋಯುತ್ತಿದ್ದದ್ದು ಮುಖದಲ್ಲಿ ಕಾಣುತ್ತಿತ್ತು. "ಶಾಲೆ ಬಿಡೋ ಹೊತ್ತಾಯ್ತು. ಆ ಕಡೆಯಿಂದ ಹೋಗಿ ಹುಡುಗೀನೂ ಹತ್ತಿಸ್ಕೊಂಡು ಬರೋಣ ನಡಿ. ನಿಧಾನಕ್ಕೆ ಓಡಿಸು, ಹೊಂಡಕ್ಕೆ ಇಳಿಸ್ಬೇಡ."

ಡ್ರೈವರ್ ಗೇರು ಹಾಕಿದ.

"ಹ್ಞಾಂ, ಎಲ್ಲಿಗೆ ಬಂದಿದ್ದೆ? ಮಳೆ. ಮಳೆ ಅಂದ್ರೆ ಅಂಥಿಂಥ ಮಳೆ ಅಲ್ಲ ತಮ್ಮಾ..."